ಕಾಣದ ವಿಷ: ದೋಣಿಯಲ್ಲಿಯೂ ಮನೆಯಲ್ಲಿಯೂ ಹೊಗೆಗಾಳಿಯಿಂದ ರಕ್ಷಣೆ

(ಸಾಲಿಗ್ರಾಮದಲ್ಲಿ ಮೀನುಗಾರ ದಂಪತಿಗಳಿಗಾಗಿ ಏರ್ಪಡಿಸಿದ ಕುಟುಂಬ ಕಲ್ಯಾಣ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣ ಶಿಬಿರವೆಂದೊಡನೆ ವೈದ್ಯರು ಮಕ್ಕಳ ನಡುವಣ ಅಂತರ, ಚುಚ್ಚುಮದ್ದು, ಗರ್ಭಿಣಿಯರ ಆಹಾರ ಇವುಗಳನ್ನು ಕುರಿತು ಮಾತನಾಡುವರೆಂದು ತಾವು ಎಣಿಸಿ ಬಂದಿರಬಹುದು. ಆ ವಿಷಯಗಳನ್ನು ನಮ್ಮ ಆರೋಗ್ಯ ಸಹಾಯಕಿಯರು ಮಧ್ಯಾಹ್ನದ ಅಧಿವೇಶನದಲ್ಲಿ ವಿವರಿಸಲಿದ್ದಾರೆ. ನಾನು ಇಂದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ದುಡಿಯುವ ಗಂಡಸು ರಾತ್ರಿ ದೋಣಿಯಲ್ಲಿ ಮಲಗಿ ಬೆಳಿಗ್ಗೆ ಏಳದೆ ಹೋದರೆ ಆ ಮನೆಯ ಕಲ್ಯಾಣವೆಲ್ಲಿ ಉಳಿಯಿತು? ಮಕ್ಕಳು ಇಬ್ಬರೇ ಇರಲಿ, ಒಬ್ಬನೇ ಇರಲಿ, ಅವರನ್ನು ಸಾಕಬೇಕಾದ ತಂದೆ ಬದುಕಿರಬೇಕಲ್ಲವೇ? ಆದುದರಿಂದ ಬೋಟಿನ ಎಂಜಿನ್ನಿನಿಂದಲೂ ಒಲೆಯಿಂದಲೂ ಹೊರಡುವ ಒಂದು ವಿಷಗಾಳಿಯ ಬಗ್ಗೆ ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಗಂಡಂದಿರು ಮಾತ್ರವಲ್ಲ, ಹೆಂಡಂದಿರೂ ಇದನ್ನು ಕೇಳಬೇಕು. ಅದಕ್ಕೆ ಕಾರಣವನ್ನು ನಾನು ಈಗ ಹೇಳುವ ಸಂಗತಿಯಿಂದಲೇ ತಾವು ತಿಳಿದುಕೊಳ್ಳುವಿರಿ.

ಒಂದು ಮಳೆಗಾಲದ ಬೆಳಗು

ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ ಒಂದು ದಿನ, ಬೆಳಕು ಹರಿಯುವ ಮುನ್ನವೇ, ನಾಲ್ವರು ಮೀನುಗಾರರನ್ನು ರಿಕ್ಷಾದಲ್ಲಿ ನಮ್ಮ ಆಸ್ಪತ್ರೆಗೆ ಕರೆತಂದರು. ನಾಲ್ವರಿಗೂ ವಿಪರೀತ ತಲೆನೋವು. ಇಬ್ಬರಿಗೆ ವಾಂತಿ. ಒಬ್ಬರಿಗೆ ನಿಲ್ಲಲು ಕಾಲಿನಲ್ಲಿ ಬಲವಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಕಡಲಿಗೆ ಹೊರಡಬೇಕಾಗಿದ್ದುದರಿಂದ ಅವರು ಹಿಂದಿನ ರಾತ್ರಿಯೇ ಬೋಟಿಗೆ ಬಂದು ಮಲಗಿದ್ದರು. ಹೊರಡುವ ಹೊತ್ತಿಗೆ ಬಂದ ತಾಂಡೇಲರು ಎಷ್ಟು ಕೂಗಿದರೂ ಇವರು ಏಳಲಿಲ್ಲವೆಂದು ಬಾಗಿಲು ತೆರೆದು ನೋಡಿ, ಹೊರಗೆಳೆದು ಕರೆತಂದಿದ್ದರು.

ನಾನು ಪರೀಕ್ಷಿಸಿದೆ. ಜ್ವರವಿಲ್ಲ. ಬೆರಳಿಗೆ ಹಾಕುವ ಆಮ್ಲಜನಕದ ಮಾಪಕದಲ್ಲಿ 98 ಎಂದು ತೋರಿಸಿತು. ಮೈಬಣ್ಣ ಚೆನ್ನಾಗಿಯೇ ಇತ್ತು. ನಾಲ್ವರಿಗೂ ಒಮ್ಮೆಲೇ ವಾಂತಿ, ತಲೆನೋವು ಬಂದಿದೆಯೆಂದರೆ ಕೆಟ್ಟ ಆಹಾರವೇ ಕಾರಣವೆಂದು ನಿಶ್ಚಯಿಸಿ ವಾಂತಿಯ ಚುಚ್ಚುಮದ್ದನ್ನು ಬರೆಯಲು ತೊಡಗಿದೆ. ಆಗ ಅವರಲ್ಲೊಬ್ಬರ ಪತ್ನಿ ಬಾಗಿಲ ಬಳಿ ನಿಂತಿದ್ದವರು ಮುಂದೆ ಬಂದು ಹೇಳಿದರು: "ಡಾಕ್ಟ್ರೇ, ಇವರು ರಾತ್ರಿ ಊಟ ಮಾಡಿದ್ದು ಮನೆಯಲ್ಲಿ, ನಮ್ಮೊಟ್ಟಿಗೆ. ನಮಗೆ ಯಾರಿಗೂ ಏನೂ ಆಗಲಿಲ್ಲ. ಉಳಿದವರು ಹೋಟೆಲಿನಲ್ಲಿ ಉಂಡವರು. ಇವರು ನಾಲ್ವರೂ ಒಟ್ಟಿಗೆ ಇದ್ದದ್ದು ಬೋಟಿನಲ್ಲಿ ಮಾತ್ರ."

ಆ ಮಾತಿನಿಂದ ನನ್ನ ಕಣ್ಣು ತೆರೆಯಿತು. ತಾಂಡೇಲರನ್ನು ಕೇಳಿದೆ. ರಾತ್ರಿ ಜೋರು ಮಳೆ ಇದ್ದುದರಿಂದ ಕ್ಯಾಬಿನ್ನಿನ ಬಾಗಿಲು ಮುಚ್ಚಿ, ಸುತ್ತಲೂ ಟರ್ಪಾಲು ಇಳಿಬಿಟ್ಟಿದ್ದರು. ಒಳಗೆ ಸೇರಿದ ಮಳೆನೀರನ್ನು ಪಂಪಿನಿಂದ ಹೊರಹಾಕಲೂ ಬ್ಯಾಟರಿ ಚಾರ್ಜು ಆಗಲೂ ಎಂಜಿನ್ನನ್ನು ನಿಧಾನ ಗತಿಯಲ್ಲಿ ಓಡಿಸುತ್ತ ಮಲಗಿದ್ದರು. ಉತ್ತರ ಅಲ್ಲಿಯೇ ಇತ್ತು. ಕೂಡಲೇ ನಾಲ್ವರಿಗೂ ಮುಖವಾಡದ ಮೂಲಕ ಆಮ್ಲಜನಕ ಕೊಡಲು ಆರಂಭಿಸಿ, ನಿಶ್ಶಕ್ತರಾಗಿದ್ದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ನಾಲ್ವರೂ ಗುಣಹೊಂದಿದರು.

ನಾನು ಅಂದು ಅವರಿಗೆ ಚುಚ್ಚುಮದ್ದು ಕೊಟ್ಟು, "ಹೋಗಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಅದೇ ಬೋಟಿಗೆ ಕಳುಹಿಸಿಬಿಟ್ಟಿದ್ದರೆ ಏನಾಗುತ್ತಿತ್ತು? ಅದನ್ನು ನೆನೆದರೆ ಇಂದಿಗೂ ಮನಸ್ಸಿಗೆ ಭಯವಾಗುತ್ತದೆ. ಪುಸ್ತಕದಲ್ಲಿ ಓದಿದ್ದ ವಿಷಯ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಗಂಡನ ಊಟ, ನಿದ್ರೆಗಳನ್ನು ಬಲ್ಲ ಒಬ್ಬ ತಾಯಿಗೆ ಹೊಳೆಯಿತು. ದಂಪತಿಗಳಿಬ್ಬರೂ ಈ ಮಾತನ್ನು ಕೇಳಬೇಕೆಂದು ನಾನು ಹೇಳಿದ್ದು ಇದಕ್ಕಾಗಿಯೇ.

ಈ ವಿಷಗಾಳಿ ಯಾವುದು?

ಕಟ್ಟಿಗೆ, ಇದ್ದಿಲು, ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್, ಅಡುಗೆ ಅನಿಲ ಇವುಗಳಲ್ಲೆಲ್ಲ ಇಂಗಾಲವಿದೆ. ಸಾಕಷ್ಟು ಗಾಳಿ ಸಿಕ್ಕಿ ಇವು ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಗಾಳಿ ಸಾಲದೆ ಅರೆಬರೆಯಾಗಿ ಉರಿದರೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಉಂಟಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಮೂಗು, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಅಡುಗೆ ಅನಿಲ ಸೋರಿದರೆ ನಾತದಿಂದ ಗೊತ್ತಾಗುತ್ತದೆ, ಏಕೆಂದರೆ ಆ ನಾತವನ್ನು ಜನರ ಎಚ್ಚರಿಕೆಗಾಗಿಯೇ ಬೆರೆಸಿರುತ್ತಾರೆ. ಈ ಮಾನಾಕ್ಸೈಡ್ ಮಾತ್ರ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಎಂಜಿನ್ನಿನ ಕಪ್ಪು ಹೊಗೆ ಕಂಡರೆ ನಾವು ಎದ್ದು ದೂರ ಹೋಗುತ್ತೇವೆ. ಹೊಗೆ ಕಾಣದ, ಕೆಂಪಗೆ ಹೊಳೆಯುವ ಕೆಂಡದ ಮುಂದೆ ಕುಳಿತು ಹಾಯಾಗಿ ಮೈ ಕಾಯಿಸಿಕೊಳ್ಳುತ್ತೇವೆ. ಆದರೆ ಆ ಕೆಂಡವೂ ಇದೇ ಅನಿಲವನ್ನು ಧಾರಾಳವಾಗಿ ಬಿಡುತ್ತಿರುತ್ತದೆ.

ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವಿದೆ. ಅದನ್ನು ಒಂದು ದೋಣಿಗೆ ಹೋಲಿಸಬಹುದು. ಶ್ವಾಸಕೋಶವೆಂಬ ಬಂದರಿನಲ್ಲಿ ಆಮ್ಲಜನಕವನ್ನು ತುಂಬಿಕೊಂಡು ಮಿದುಳು, ಹೃದಯ ಮೊದಲಾದ ಅಂಗಗಳಿಗೆ ಮುಟ್ಟಿಸುವುದು ಅದರ ಕೆಲಸ. ಮಾನಾಕ್ಸೈಡ್ ಅನಿಲವು ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ದೋಣಿಯ ತುಂಬ ಬೇಡದ ಸರಕು ತುಂಬಿದ ಮೇಲೆ ಬೇಕಾದ ಸರಕಿಗೆ ಜಾಗವೆಲ್ಲಿ? ಸುತ್ತ ಗಾಳಿಯಿದ್ದರೂ, ಎದೆ ಏರಿಳಿಯುತ್ತಿದ್ದರೂ, ಮಿದುಳಿಗೆ ಆಮ್ಲಜನಕ ತಲುಪದೆ ಮನುಷ್ಯನು ಒಳಗಿನಿಂದಲೇ ಉಸಿರುಕಟ್ಟಿದವನಂತಾಗುತ್ತಾನೆ. ಬೆರಳಿಗೆ ಹಾಕುವ ಸಾಮಾನ್ಯ ಮಾಪಕವು ದೋಣಿ ತುಂಬಿದೆಯೆಂಬುದನ್ನಷ್ಟೇ ನೋಡುತ್ತದೆ. ತುಂಬಿರುವ ಸರಕು ಯಾವುದೆಂದು ಅದಕ್ಕೆ ತಿಳಿಯದು. ನನ್ನ ಮಾಪಕ ಅಂದು 98 ತೋರಿಸಿದ್ದು ಹೀಗೆ.

ಎಷ್ಟು ಅನಿಲದಿಂದ ಎಷ್ಟು ಅಪಾಯವೆಂದು ತಾವು ಕೇಳಬಹುದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ಅನಿಲ 200 ಪಾಲು ಇದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು ಬರುತ್ತದೆ. 800 ಪಾಲು ಇದ್ದರೆ ಮುಕ್ಕಾಲು ಗಂಟೆಯಲ್ಲಿ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಎರಡು ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತದೆ. 12,800 ಪಾಲು, ಎಂದರೆ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಇದ್ದರೆ, ಮೂರು ನಿಮಿಷದೊಳಗೆ ಪ್ರಾಣ ಹೋಗಬಹುದು. ನಿದ್ರೆಯಲ್ಲಿರುವವನಿಗೆ ತಲೆನೋವಿನ ಎಚ್ಚರಿಕೆಯೂ ಸಿಗುವುದಿಲ್ಲ. ಅವನ ನಿದ್ರೆ ಹಾಗೆಯೇ ಮೂರ್ಛೆಯಾಗಿ, ಮೂರ್ಛೆ ಮರಣವಾಗುತ್ತದೆ.

ಈ ಅನಿಲದ ಸ್ವಭಾವವನ್ನು ಕಂಡುಕೊಂಡವರಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಪ್ರಮುಖರು. 1890ರ ದಶಕದಲ್ಲಿ ಅವರು ತಾವೇ ಈ ಅನಿಲವನ್ನು ಸೇವಿಸಿ ತಮ್ಮ ಮೇಲೆ ಪ್ರಯೋಗ ಮಾಡಿಕೊಂಡರು. ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟವಾದಾಗ ಅನೇಕ ಕಾರ್ಮಿಕರು ಸಾಯುವುದು ಈ ಅನಿಲದಿಂದ ಎಂದು 1896ರಲ್ಲಿ ತೋರಿಸಿಕೊಟ್ಟರು. ಗಣಿಯೊಳಗೆ ಪಂಜರದಲ್ಲಿ ಪುಟ್ಟ ಹಕ್ಕಿಯನ್ನು ಒಯ್ಯುವ ಪದ್ಧತಿಗೆ ಅವರ ಸಲಹೆಯೇ ಮೂಲ. ಹಕ್ಕಿ ಮನುಷ್ಯನಿಗಿಂತ ಮೊದಲೇ ಸೋತು ಬೀಳುತ್ತಿತ್ತು. ಅದನ್ನು ಕಂಡು ಜನ ಹೊರಗೋಡುತ್ತಿದ್ದರು. 1986ರವರೆಗೂ ಬ್ರಿಟನ್ನಿನ ಗಣಿಗಳಲ್ಲಿ ಆ ಹಕ್ಕಿಗಳಿದ್ದವು. ಅವುಗಳ ಕೆಲಸವನ್ನು ಇಂದು ಬ್ಯಾಟರಿಯಿಂದ ನಡೆಯುವ ಒಂದು ಚಿಕ್ಕ ಯಂತ್ರ ಮಾಡುತ್ತದೆ. ಅದರ ವಿಷಯವನ್ನು ಮುಂದೆ ಹೇಳುತ್ತೇನೆ.

ನಮ್ಮ ದೋಣಿಗಳಲ್ಲಿ ಅಪಾಯ ಹೇಗೆ ಬಂದಿತು?

ಹಿಂದೆ ನಮ್ಮ ಕರಾವಳಿಯ ಮೀನುಗಾರರು ಹುಟ್ಟು, ಹಾಯಿಗಳನ್ನು ನಂಬಿದ್ದರು. ರಂಪಣಿ ಬಲೆಯನ್ನು ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದರು. ಅವರ ದೋಣಿಗೆ ಎಂಜಿನ್ನೂ ಇರಲಿಲ್ಲ, ಮುಚ್ಚಿದ ಕೋಣೆಯೂ ಇರಲಿಲ್ಲ. 1950-60ರ ದಶಕಗಳಲ್ಲಿ ಯಂತ್ರದ ಬೋಟುಗಳು ಬಂದವು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಹಿಂದೆ ಸರಿಯಿತು. ಇಂದು ಮಲ್ಪೆ, ಗಂಗೊಳ್ಳಿ ಬಂದರುಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ವಾರ, ಹತ್ತು ದಿನ ಕಡಲಿನಲ್ಲೇ ಇರುತ್ತವೆ. ತಂದೆ ಬಯಲಿನಲ್ಲಿ ಗಾಳಿಗೆ ಮೈಯೊಡ್ಡಿ ಮಲಗುತ್ತಿದ್ದರು. ಮಗ ಎಂಜಿನ್ನಿನ ಪಕ್ಕದ ಹಲಗೆಯ ಗೋಡೆಯಾಚೆ ಮಲಗುತ್ತಾನೆ. ಅಡುಗೆ, ಊಟ, ನಿದ್ರೆ ಎಲ್ಲವೂ ಒಂದೇ ಚಿಕ್ಕ ಕ್ಯಾಬಿನ್ನಿನಲ್ಲಿ. ಸಂಪಾದನೆ ಹೆಚ್ಚಿತು, ದೂರ ಹೋಗುವ ಶಕ್ತಿ ಬಂತು. ಅದರೊಡನೆ ಈ ಹೊಸ ಅಪಾಯವೂ ಬಂತು.

ಡೀಸೆಲ್ ಎಂಜಿನ್ ಪೆಟ್ರೋಲ್, ಸೀಮೆಎಣ್ಣೆ ಎಂಜಿನ್ನುಗಳಿಗಿಂತ ಕಡಿಮೆ ಮಾನಾಕ್ಸೈಡ್ ಬಿಡುತ್ತದೆಂಬುದು ನಿಜ. ಕಡಿಮೆಯೆಂದರೆ ಇಲ್ಲವೆಂದು ಅರ್ಥವಲ್ಲ. ಮುಚ್ಚಿದ ಕೋಣೆಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿ ರಾತ್ರಿ ಕಳೆಯುವುದರೊಳಗೆ ಮಾರಕವಾಗುತ್ತದೆ. ಅದು ಒಳಗೆ ಸೇರುವ ದಾರಿಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ತುಕ್ಕು ಹಿಡಿದ ಹೊಗೆಕೊಳವೆ. ಉಪ್ಪುಗಾಳಿಗೆ ಕಬ್ಬಿಣ ಬೇಗ ಸವೆಯುತ್ತದೆ. ಕೊಳವೆಯ ಜೋಡಣೆಗಳಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಅಲ್ಲಿ ಹೊಗೆ ಸೋರುತ್ತಿದೆಯೆಂದು ತಿಳಿಯಿರಿ. ವಯರು, ಪೈಪು ಹಾಯಿಸಲು ಎಂಜಿನ್ ಕೋಣೆಯ ಗೋಡೆಗೆ ಕೊರೆದ ತೂತುಗಳ ಮೂಲಕ ಆ ಗಾಳಿ ಮಲಗುವ ಜಾಗಕ್ಕೆ ಬರುತ್ತದೆ.

ಎರಡನೆಯದು, ಬೋಟು ಮುಂದೆ ಸಾಗುವಾಗ ಅದರ ಬೆನ್ನಿಗೆ ಗಾಳಿ ಸುಳಿದು ಹಿಂಭಾಗದ ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುವುದು. ಮುಂಭಾಗದ ಕಿಟಕಿಗಳನ್ನು ಮುಚ್ಚಿ ಹಿಂಬಾಗಿಲನ್ನು ಮಾತ್ರ ತೆರೆದಿಟ್ಟರೆ ಹೀಗಾಗುತ್ತದೆ. ಗಾಳಿಗೆಂದು ತೆರೆದ ಬಾಗಿಲೇ ವಿಷಕ್ಕೆ ದಾರಿಯಾಗುತ್ತದೆ. ಹಿಂಗಾಳಿ ಬೀಸುವಾಗ ನಿಧಾನವಾಗಿ ಹೋಗುವುದೂ ಇಷ್ಟೇ ಅಪಾಯಕರ.

ಮೂರನೆಯದು, ಬಂದರಿನಲ್ಲಿ ಒಂದರ ಪಕ್ಕಕ್ಕೊಂದು ಬೋಟುಗಳನ್ನು ಕಟ್ಟುವುದು. ನಿಮ್ಮ ಎಂಜಿನ್ ನಿಂತಿದ್ದರೂ ಪಕ್ಕದ ಬೋಟಿನ ಹೊಗೆ ನಿಮ್ಮ ಕಿಟಕಿಯಿಂದ ಒಳಗೆ ಬರಬಹುದು.

ನಾಲ್ಕನೆಯದು, ಅಡುಗೆಯ ಒಲೆ. ಮಳೆಗೂ ಚಳಿಗೂ ಬಾಗಿಲು ಮುಚ್ಚಿ, ಸ್ಟೌವನ್ನೋ ಕೆಂಡದ ಬಾಣಲೆಯನ್ನೋ ಬೆಚ್ಚಗಿರಲೆಂದು ಉರಿಯಬಿಟ್ಟು ಮಲಗುವುದು.

ಐದನೆಯದು, ದೀಪಕ್ಕಾಗಿ ತರುವ ಚಿಕ್ಕ ಜನರೇಟರ್. ಸೀಮೆಎಣ್ಣೆ, ಪೆಟ್ರೋಲಿನಿಂದ ಓಡುವ ಇದು ಗಾತ್ರದಲ್ಲಿ ಚಿಕ್ಕದಾದರೂ ವಿಷದಲ್ಲಿ ದೊಡ್ಡದು.

ಇದು ನಮ್ಮ ಊರಿನ ಬಡ ಮೀನುಗಾರರ ಅಪಾಯವಷ್ಟೇ ಎಂದು ತಿಳಿಯಬಾರದು. ಇಂಗ್ಲೆಂಡಿನ ವ್ಹಿಟ್‌ಬಿ ಬಂದರಿನಲ್ಲಿ 2014ರ ಜನವರಿಯಲ್ಲಿ 'ಎಶ್‌ಕಾಲ್' ಎಂಬ ಮೀನುಗಾರಿಕೆಯ ದೋಣಿಯಲ್ಲಿ ಇಬ್ಬರು ಚಳಿ ತಡೆಯಲೆಂದು ಗ್ಯಾಸ್ ಒಲೆಯನ್ನು ಉರಿಯಬಿಟ್ಟು ಮಲಗಿದರು. ಅವರು ಮತ್ತೆ ಏಳಲಿಲ್ಲ. ಅವರ ದೋಣಿಯಲ್ಲಿ ಈ ಅನಿಲವನ್ನು ಗುರುತಿಸುವ ಯಂತ್ರವಿರಲಿಲ್ಲ. ಅದಕ್ಕೆ ಹಿಂದಿನ ವರ್ಷ, 2013ರಲ್ಲಿ, ಅದೇ ದೇಶದ ವಿಂಡರ್‌ಮಿಯರ್ ಸರೋವರದಲ್ಲಿ ದೋಣಿಯೊಳಗಿದ್ದ ತಾಯಿ ಮತ್ತು ಮಗಳು ಜನರೇಟರಿನ ಹೊಗೆಯಿಂದ ತೀರಿಕೊಂಡರು. ಅಮೆರಿಕಾದ ಪೊವೆಲ್ ಸರೋವರದ ದೋಣಿಮನೆಗಳಲ್ಲಿ 2000ದಲ್ಲಿ ಇಬ್ಬರು ಬಾಲಕರು ಸತ್ತ ಮೇಲೆ ತನಿಖೆ ನಡೆದು, ಹಿಂಬದಿಯ ಮೆಟ್ಟಿಲಿನ ಅಡಿಯಲ್ಲಿ ಜನರೇಟರಿನ ಹೊಗೆ ಶೇಖರವಾಗುತ್ತಿದ್ದುದು ಬೆಳಕಿಗೆ ಬಂತು. ಅಲ್ಲಿ ನೀರಿನಲ್ಲಿ ಈಜುತ್ತಿದ್ದವರೂ ಆ ಗಾಳಿಗೆ ಸಿಕ್ಕಿ ಮುಳುಗಿದ್ದಾರೆ. ಇಂದು ನಮ್ಮ ಹಿನ್ನೀರಿನಲ್ಲಿಯೂ ಪ್ರವಾಸಿಗಳ ದೋಣಿಗಳು ಓಡಾಡುತ್ತಿರುವುದರಿಂದ ಅವುಗಳನ್ನು ನಡೆಸುವವರೂ ಇದನ್ನು ನೆನಪಿನಲ್ಲಿಡಬೇಕು.

ಗುರುತಿಸುವುದು ಹೇಗೆ?

ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ವಾಂತಿ, ಕಾಲುಗಳಲ್ಲಿ ನಿಶ್ಶಕ್ತಿ, ಮಂಪರು, ಎದೆನೋವು, ತಬ್ಬಿಬ್ಬಾದ ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಕಡಲಿನಲ್ಲಿ ಇದನ್ನು ಸಮುದ್ರದ ಓಕರಿಕೆಯೆಂದೋ, ನಿದ್ದೆಗೆಟ್ಟ ಆಯಾಸವೆಂದೋ, ಕುಡಿದ ಅಮಲೆಂದೋ ತಪ್ಪು ತಿಳಿಯುವುದು ಸುಲಭ. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಒಂದೇ ಕಡೆ ಇದ್ದ ಹಲವರಿಗೆ ಒಟ್ಟಿಗೆ ತಲೆನೋವು ಬಂದಿದೆಯೇ? ಹೊರಗೆ ಗಾಳಿಗೆ ಬಂದರೆ ಕಡಿಮೆಯಾಗಿ, ಒಳಗೆ ಹೋದರೆ ಮತ್ತೆ ಬರುತ್ತದೆಯೇ? ಜ್ವರವಿಲ್ಲದೆ ಬಂದಿದೆಯೇ? ಇಪ್ಪತ್ತು ವರ್ಷ ಕಡಲಿನಲ್ಲಿ ದುಡಿದ ಕಲಾಸಿಯೊಬ್ಬನು ಅಲೆಯಿಲ್ಲದ ದಿನ ವಾಂತಿ ಮಾಡಿಕೊಂಡರೆ ಅದು ಕಡಲಿನ ದೋಷವಲ್ಲ, ಕ್ಯಾಬಿನ್ನಿನ ಗಾಳಿಯ ದೋಷವೆಂದು ಮೊದಲು ಅನುಮಾನಿಸಬೇಕು.

ಬೀಡಿ, ಸಿಗರೇಟು ಸೇದುವವರ ವಿಷಯವಾಗಿ ಒಂದು ಮಾತು. ಅವರ ಹಿಮೋಗ್ಲೋಬಿನ್ನಿನಲ್ಲಿ ಮೊದಲೇ ನೂರಕ್ಕೆ 5ರಿಂದ 10 ಪಾಲು ಈ ಅನಿಲಕ್ಕೆ ಸೆರೆಯಾಗಿರಬಹುದು. ಎಲ್ಲರ ದೋಣಿ ಖಾಲಿ ಇದ್ದಾಗ ಅವರದು ಆಗಲೇ ಸ್ವಲ್ಪ ತುಂಬಿರುತ್ತದೆ. ಆದುದರಿಂದ ಅವರಿಗೆ ಅಪಾಯ ಬೇಗ ತಟ್ಟುತ್ತದೆ.

ಅಪಘಾತವಾದಾಗ ಮಾಡಬೇಕಾದುದು

ಅನುಮಾನ ಬಂದ ಕ್ಷಣವೇ ಎಲ್ಲರೂ ಡೆಕ್ಕಿಗೆ, ಗಾಳಿ ಬರುವ ದಿಕ್ಕಿಗೆ ಬನ್ನಿ. ಎಂಜಿನ್, ಜನರೇಟರ್, ಒಲೆ ಎಲ್ಲವನ್ನೂ ಆರಿಸಿ. ಬಾಗಿಲು, ಕಿಟಕಿ, ಟರ್ಪಾಲುಗಳನ್ನು ತೆರೆಯಿರಿ. ತಲೆಗಳನ್ನು ಎಣಿಸಿ, ಒಳಗೆ ಮಲಗಿದವನನ್ನು ಮರೆಯಬೇಡಿ. ಒಳಗಿರುವವನನ್ನು ತರಬೇಕಾದರೆ ಮೊದಲು ಬಾಗಿಲುಗಳನ್ನು ತೆರೆದು ಗಾಳಿಯಾಡಲು ಬಿಡಿ. ಹೋಗುವವನ ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಹೊರಗಿರುವವರು ಹಿಡಿದುಕೊಳ್ಳಬೇಕು.

ಹೊರತಂದವನು ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡು ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಕಲಿತವರು 30 ಒತ್ತಿಗೆ 2 ಬಾರಿ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಮಜ್ಜಿಗೆ, ಲಿಂಬೆರಸ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಕೇಡನ್ನು ಮಾಡುತ್ತದೆ. ವೈರ್‌ಲೆಸ್ಸಿನ 16ನೆಯ ಚಾನೆಲ್ಲಿನಲ್ಲಿ ಅಥವಾ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆಮಾಡಿ ನೆರವು ಕೇಳಿ. ದಡದಲ್ಲಿದ್ದರೆ 108 ವಾಹನವನ್ನು ಕರೆಯಿರಿ.

ಆಸ್ಪತ್ರೆಯಲ್ಲಿ ವೈದ್ಯರಿಗೆ ಮೊದಲ ಮಾತಿನಲ್ಲಿಯೇ, "ಮುಚ್ಚಿದ ಕ್ಯಾಬಿನ್ನಿನಲ್ಲಿದ್ದರು, ಎಂಜಿನ್ ಓಡುತ್ತಿತ್ತು" ಅಥವಾ "ಒಲೆ ಉರಿಯುತ್ತಿತ್ತು" ಎಂದು ತಿಳಿಸಿ. ಈ ಒಂದು ವಾಕ್ಯದಿಂದ ರೋಗನಿರ್ಣಯದ ಅರ್ಧ ಕೆಲಸ ಮುಗಿಯುತ್ತದೆ. ಇದಕ್ಕೆ ಔಷಧವೆಂದರೆ ಆಮ್ಲಜನಕ. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮುಖವಾಡದಿಂದ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. "ಈಗ ಚೆನ್ನಾಗಿದ್ದಾನೆ" ಎಂದು ಅರ್ಧದಲ್ಲಿಯೇ ಕರೆದುಕೊಂಡು ಹೋಗಬೇಡಿ. ಗುಣವಾದಂತೆ ಕಂಡವರಲ್ಲಿ ಕೆಲವರಿಗೆ ಕೆಲವು ದಿನ ಅಥವಾ ವಾರಗಳ ಮೇಲೆ ಮರೆವು, ಸಿಡುಕು, ನಡಿಗೆಯಲ್ಲಿ ತೊಡಕು ಕಾಣಿಸಿಕೊಳ್ಳಬಹುದು. ಇದನ್ನು ಮೊದಲು ಕಾಣುವವರು ಮನೆಯವರು. ಗಂಡನ ನಡವಳಿಕೆ ಬದಲಾಯಿತೆಂದು ಕಂಡರೆ ಹೆಂಡತಿ ಅವರನ್ನು ಮತ್ತೆ ಆಸ್ಪತ್ರೆಗೆ ಕರೆತರಬೇಕು.

ಇಲ್ಲಿಯೇ ಮೀನು ತುಂಬುವ ಸ್ಟೋರೇಜಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅಲ್ಲಿ ಮೀನು, ಕೊಳಕು ನೀರು ಕೊಳೆತು ಉಂಟಾಗುವ ಅನಿಲ ಬೇರೆ. ಆದರೆ ಅದೂ ಕೊಲ್ಲುತ್ತದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಸಮೀಪದ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದ ಒಬ್ಬರನ್ನು ಉಳಿಸಲು ಇತರರು ಒಬ್ಬರ ಹಿಂದೊಬ್ಬರು ಇಳಿದು ಒಟ್ಟು ಐವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಬಿದ್ದವನ ಹಿಂದೆ ಧುಮುಕುವುದು ಸ್ನೇಹವೇ ಹೌದು. ಆದರೆ ಅದರಿಂದ ಒಂದು ಮನೆಯ ದುಃಖ ಐದು ಮನೆಗಳ ದುಃಖವಾಯಿತು. ಹಲವು ದಿನ ಮುಚ್ಚಿದ್ದ ಸ್ಟೋರೇಜನ್ನು ತೆರೆದು, ಚೆನ್ನಾಗಿ ಗಾಳಿಯಾಡಿಸಿ, ಮೇಲೊಬ್ಬರು ಕಾವಲು ನಿಂತ ಹೊರತು ಯಾರೂ ಒಳಗಿಳಿಯಬಾರದು.

ಮನೆಯಲ್ಲಿಯೂ ಇದೇ ವಿಷ

ಈಗ ಸಹೋದರಿಯರಿಗೆ ಕೆಲವು ಮಾತುಗಳು. ಈ ಅನಿಲ ಬೋಟಿನಲ್ಲಿ ಮಾತ್ರ ಇರುವುದಲ್ಲ. ನಮ್ಮಲ್ಲಿ ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಅಥವಾ ತೆಂಗಿನ ಗೆರಟೆಯ ಕೆಂಡವನ್ನಿಟ್ಟು ತಾಯಿ ಮಗುವನ್ನು ಬೆಚ್ಚಗಿಡುವ ರೂಢಿ ಕೆಲವು ಮನೆಗಳಲ್ಲಿದೆ. ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಮುಚ್ಚಿದ ಕೋಣೆಯ ಕೆಂಡ, ಮುಚ್ಚಿದ ಕ್ಯಾಬಿನ್ನಿನ ಎಂಜಿನ್ ಇವೆರಡರ ಫಲ ಒಂದೇ. ಬಾಣಂತಿಗೆ ದಿನವೂ ಬೆಳಿಗ್ಗೆ ತಲೆನೋವು, ಮಗುವಿಗೆ ಮಂಕು, ಮೊಲೆಯುಣ್ಣಲು ಆಸಕ್ತಿಯಿಲ್ಲ ಎಂದರೆ ದೃಷ್ಟಿಯಾಯಿತೆಂದು ನಿವಾಳಿಸುವ ಮೊದಲು ಕೆಂಡವನ್ನು ಹೊರಗಿಟ್ಟು, ಇಬ್ಬರನ್ನೂ ಗಾಳಿಗೆ ಕರೆತಂದು ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಯ ಶಾಖ, ಒಣಗಿದ ಬಟ್ಟೆ, ತಲೆಗೆ ಟೋಪಿ ಸಾಕು.

ಗರ್ಭಿಣಿಯರು ಇನ್ನೂ ಹೆಚ್ಚು ಎಚ್ಚರದಿಂದಿರಬೇಕು. ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್ ಈ ಅನಿಲವನ್ನು ತಾಯಿಯದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ. ಅದು ಬಿಟ್ಟು ಹೋಗಲು ಹೆಚ್ಚು ಹೊತ್ತು ಬೇಕು. ತಾಯಿ ಚೇತರಿಸಿಕೊಂಡ ಮೇಲೂ ಶಿಶು ಅಪಾಯದಲ್ಲಿರಬಹುದು. ಆದುದರಿಂದ ಗರ್ಭಿಣಿಗೆ ಇಂತಹ ಗಾಳಿ ಸೋಂಕಿತೆಂದು ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಚ್ಚಲು ಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟು ಬಾಗಿಲು, ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಪ್ರಾಣ ಕಳೆದುಕೊಂಡವರ ಸುದ್ದಿಗಳನ್ನು ಪತ್ರಿಕೆಗಳಲ್ಲಿ ತಾವು ಓದಿರಬಹುದು. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೋಡೆಗೆ ಹಾಕಿಸಿ. ಹಂಡೆಯ ಒಲೆಯಿದ್ದರೆ ಅದರ ಹೊಗೆ ಮಾಡಿನ ಮೇಲೆ ಹೋಗುವಂತೆ ಕೊಳವೆ ಇಡಿಸಿ, ಮೇಲಿನ ಕಿಂಡಿಯನ್ನು ಎಂದೂ ಮುಚ್ಚಬೇಡಿ.

ರಜೆಯ ಎರಡು ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲವೆಂಬ ನಿಯಮ ತಮಗೆ ತಿಳಿದೇ ಇದೆ. ಬೋಟುಗಳು ದಡದಲ್ಲಿರುವ ಈ ಕಾಲದಲ್ಲಿ ಬಲೆ ಹೆಣೆಯುತ್ತೀರಿ, ಬಣ್ಣ ಬಳಿಯುತ್ತೀರಿ, ಎಂಜಿನ್ ಬಿಚ್ಚಿ ಜೋಡಿಸುತ್ತೀರಿ. ಅದರೊಡನೆ ಈ ಕೆಲಸಗಳನ್ನೂ ಸೇರಿಸಿಕೊಳ್ಳಿ. ಹೊಗೆಕೊಳವೆಯನ್ನು ಉದ್ದಕ್ಕೂ ಪರೀಕ್ಷಿಸಿ ತುಕ್ಕು ಹಿಡಿದ ಭಾಗವನ್ನು ಬದಲಾಯಿಸಿ. ಎಂಜಿನ್ ಕೋಣೆಗೂ ಮಲಗುವ ಜಾಗಕ್ಕೂ ನಡುವಿನ ತೂತುಗಳನ್ನು ಬಿಗಿಯಾಗಿ ಮುಚ್ಚಿಸಿ. ಕ್ಯಾಬಿನ್ನಿಗೆ ಮಳೆನೀರು ಬೀಳದಂತೆ, ಆದರೆ ಗಾಳಿಯಾಡುವಂತೆ, ಎದುರುಬದುರು ಎರಡು ಕಿಂಡಿಗಳನ್ನು ಮಾಡಿಸಿ. ಮಲಗುವ ಜಾಗದಲ್ಲಿ ಮಾನಾಕ್ಸೈಡ್ ಅಪಾಯಸೂಚಕ ಯಂತ್ರವೊಂದನ್ನು ಹಾಕಿಸಿ. ನಾನು ಹೇಳಿದ ಪಂಜರದ ಹಕ್ಕಿ ಇದೇ. ಅನಿಲ ಹೆಚ್ಚಿದೊಡನೆ ಅದು ಕೀರಲು ಧ್ವನಿಯಲ್ಲಿ ಕೂಗಿ ಮಲಗಿದವರನ್ನು ಎಬ್ಬಿಸುತ್ತದೆ. ಹೊಗೆಯನ್ನು ಗುರುತಿಸುವ ಯಂತ್ರ ಬೇರೆ, ಇದು ಬೇರೆ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ. ಪ್ರತಿ ಪ್ರಯಾಣಕ್ಕೂ ಮೊದಲು ಅದರ ಗುಂಡಿಯೊತ್ತಿ ಪರೀಕ್ಷಿಸಿ, ಅವಧಿ ಮುಗಿದ ಮೇಲೆ ಬದಲಾಯಿಸಿ. ಯಂತ್ರವಿದೆಯೆಂದು ಎಂಜಿನ್ ಓಡಿಸುತ್ತ ಬಾಗಿಲು ಮುಚ್ಚಿ ಮಲಗುವುದು ಮಾತ್ರ ಸಲ್ಲದು.

ಯಂತ್ರ ಕೊಳ್ಳಲು ಇಂದು ಆಗದವರಿಗೆ ಖರ್ಚಿಲ್ಲದ ನಿಯಮಗಳಿವೆ. ಮಲಗುವಾಗ ಎಂಜಿನ್, ಒಲೆ, ಜನರೇಟರ್ ಆರಿರಬೇಕು. ಎಂಜಿನ್ ಓಡಲೇಬೇಕಾದರೆ ಒಬ್ಬರು ಹೊರಗೆ ಎಚ್ಚರವಿದ್ದು, ಗಂಟೆಗೊಮ್ಮೆ ಒಳಗಿನವರನ್ನು ಹೆಸರು ಹಿಡಿದು ಕೂಗಿ ಉತ್ತರ ಪಡೆಯಬೇಕು. ಮುಂದಿನ, ಹಿಂದಿನ ಕಿಂಡಿಗಳೆರಡೂ ತೆರೆದಿರಬೇಕು. ಜನರೇಟರ್ ಕ್ಯಾಬಿನ್ನಿನೊಳಗಾಗಲಿ ಟರ್ಪಾಲಿನ ಅಡಿಯಲ್ಲಾಗಲಿ ಓಡಬಾರದು. ಒಲೆ ಅಡುಗೆಗೆ ಮಾತ್ರ, ಮೈ ಕಾಯಿಸಲು ಅಲ್ಲ.

ನೂಲ ಹುಣ್ಣಿಮೆಯಂದು ತಾವು ಸಮುದ್ರರಾಜನಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ, ಹೋದವರು ಕ್ಷೇಮವಾಗಿ ಬರಲೆಂದು ಬೇಡಿಕೊಳ್ಳುತ್ತೀರಿ. ಆ ಪೂಜೆ ನಡೆಯಲಿ. ಅದಕ್ಕೆ ಮುಂಚಿನ ದಿನ ಮನೆಯ ಗೃಹಿಣಿ ತನ್ನ ಯಜಮಾನರನ್ನು ಮೂರೇ ಪ್ರಶ್ನೆ ಕೇಳಲಿ: "ಹೊಗೆಕೊಳವೆ ನೋಡಿಸಿದಿರಾ? ಮಲಗುವ ಕಡೆ ಗಾಳಿಗೆ ದಾರಿಯಿದೆಯೇ? ರಾತ್ರಿ ಎಂಜಿನ್ ಓಡಿದರೆ ಎಚ್ಚರವಿರುವವರು ಯಾರು?" ಮೂರಕ್ಕೂ ಸಮಾಧಾನದ ಉತ್ತರ ಸಿಗುವವರೆಗೆ ಬುತ್ತಿ ಕಟ್ಟಬೇಡಿ ಎಂದು ನಾನು ತಮಾಷೆಗೆ ಹೇಳುತ್ತಿಲ್ಲ. ಗಂಡಂದಿರು ಕೂಡ ಇದನ್ನು ಹೆಂಗಸರ ಅನುಮಾನವೆಂದು ತಳ್ಳಿಹಾಕಬಾರದು. ಅಂದು ಬೆಳಿಗ್ಗೆ ನಮ್ಮ ಆಸ್ಪತ್ರೆಯಲ್ಲಿ ನಾಲ್ಕು ಜೀವಗಳನ್ನು ಉಳಿಸಿದ್ದು ವೈದ್ಯನ ವಿದ್ಯೆಯಲ್ಲ, ಒಬ್ಬ ಗೃಹಿಣಿಯ ಆ ಒಂದು ಮಾತು.

ಮನೆಗೆ ಹೋದ ಮೇಲೆ ಈ ವಿಷಯವನ್ನು ಇಂದು ಬಾರದಿದ್ದ ನೆರೆಯವರಿಗೂ ತಿಳಿಸಿ. ಸಂಶಯವಿದ್ದರೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ, ಇಲ್ಲವೇ ಆಶಾ ಕಾರ್ಯಕರ್ತೆಯರನ್ನು ಕೇಳಿ. ಕಡಲಿಗೆ ಹೋದವರೆಲ್ಲರೂ ಸುರಕ್ಷಿತವಾಗಿ ದಡ ಸೇರಲಿ, ದಡದಲ್ಲಿ ಕಾಯುವವರ ಮನೆಗಳಲ್ಲಿ ಸುಖಶಾಂತಿ ನೆಲೆಸಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.